ದಿಲ್ಲಿಗೆ ಹೋದ ಒಡಪುಗಳು

ನನ್ನ ಗಂಟಲು ನನ್ನದಲ್ಲ ಎಂದು ನಮ್ಮವ್ವ ಹೇಳುತ್ತಿದ್ದಳು. ದಾಂಡೇಲಿಯ ಅಂಬೇವಾಡಿಯಲ್ಲಿ ನಮ್ಮ ಆಚೀಚೆ ಇದ್ದವರೆಲ್ಲ ಧಾರವಾಡ, ಬೆಳಗಾವಿ ಕಡೆಯಿಂದ ಕಾಗದದ ಮಿಲ್ಲಿನ ಕೆಲಸಕ್ಕೆ ಬಂದವರು. ಒಬ್ಬೊಬ್ಬರದು ಒಂದೊಂದು ರಾಗ, ನಾನು ಎಲ್ಲವನ್ನೂ ಕದ್ದಿದ್ದೆ. ಗಣಪತಿ ಪೆಂಡಾಲಿನಲ್ಲಿ ಮೈಕು ಹಿಡಿದರೆ ಪಾಳಿ ಮುಗಿಸಿ ಬಂದ ಕಾಕಾಗಳು ತಮ್ಮ ಸೂಪರ್‌ವೈಸರನ ದನಿ ಕೇಳಿ ಮೊದಲು ಎದ್ದು ನಿಲ್ಲುತ್ತಿದ್ದರು, ಆಮೇಲೆ ನಗುತ್ತಿದ್ದರು. ಹಗಲು ಹೊತ್ತು ಒಂದು ಕಂಪ್ಯೂಟರ್ ಕ್ಲಾಸಿನಲ್ಲಿ ಕಲಿಸುತ್ತಿದ್ದೆ. ಕಲಿಸುತ್ತಿದ್ದೆ ಎಂದರೆ, ನನಗೆ ಕಲಿಸಿದ ಸರ್ ಹೇಗೆ ಕೆಮ್ಮಿ ‘ಫೈಲ್‌ಗೆ ಹೋಗ್ರಿ, ಸೇವ್ ಒತ್ತರಿ’ ಎನ್ನುತ್ತಿದ್ದರೋ ಹಾಗೆಯೇ ಕೆಮ್ಮಿ ಹೇಳುತ್ತಿದ್ದೆ. ಆ ಕೆಮ್ಮು ಬಿಟ್ಟರೆ ಕಂಪ್ಯೂಟರಿನ ಬಗ್ಗೆ ನನಗೆ ಹೆಚ್ಚೇನೂ ಗೊತ್ತಿರಲಿಲ್ಲ.

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾಗಿದ್ದವು. ಹೊಲಕ್ಕೆ ಹೋಗುವವರ ಕಿಸೆಯಲ್ಲೂ ಮೊಬೈಲು ಇಣುಕತೊಡಗಿದ್ದ ಕಾಲ. ಆಗ ನಮ್ಮ ಕ್ಲಾಸಿಗೆ ಮೈಸೂರು ಕಡೆಯ ಮೇಡಂ ಒಬ್ಬರು ಬಂದರು. ವಯಸ್ಸು ನನಗಿಂತ ಒಂದೆರಡು ವರ್ಷ ಹೆಚ್ಚಿರಬಹುದು, ಹೆಗಲಿಗೆ ಅವರಿಗಿಂತ ದೊಡ್ಡ ಲ್ಯಾಪ್‌ಟಾಪ್ ಚೀಲ. ದಿಲ್ಲಿಯಲ್ಲಿ ಎಲೆಕ್ಟ್ರಾನಿಕ್ಸ್ ಮತ್ತು ಮಾಹಿತಿ ತಂತ್ರಜ್ಞಾನಕ್ಕೆಂದೇ ಒಂದು ಮಂತ್ರಾಲಯವಿದೆ, ಅದರ ನೆರವಿನಿಂದ ತಮ್ಮ ಕಾಲೇಜಿನವರು ಕಂಪ್ಯೂಟರಿಗೆ ಕನ್ನಡ ಕೇಳಿಸಿಕೊಳ್ಳಲು ಕಲಿಸುತ್ತಿದ್ದಾರೆ ಎಂದು ಅವರು ವಿವರಿಸಿದರು. ರೈತರು ಫೋನು ಮಾಡಿ ಬೆಳೆಯ ಹೆಸರು ಹೇಳಿದರೆ ಸಾಕು, ಯಂತ್ರವೇ ಅಂದಿನ ಮಾರುಕಟ್ಟೆ ದರ ಹೇಳಬೇಕು. ಅದಕ್ಕೆ ಮೊದಲು ಯಂತ್ರಕ್ಕೆ ಬಗೆಬಗೆಯ ಜನರ ದನಿ ಕೇಳಿಸಿ ರೂಢಿ ಮಾಡಿಸಬೇಕು. ಗಂಡಸರ ದನಿ ಬೇಕಾದಷ್ಟು ಸಿಕ್ಕಿತ್ತು. ಬೇಕಾಗಿದ್ದದ್ದು ಹೊಲದಲ್ಲಿ ದುಡಿಯುವ ಹೆಂಗಸರ ದನಿ.

“ಮೀಟಿಂಗಲ್ಲಿ ನಾನೇ ಹಟ ಹಿಡಿದೆ,” ಎಂದರು ಮೇಡಂ. “ಹೆಂಗಸರ ಮಾತು ಕೇಳಿಸದಿದ್ರೆ ಯಂತ್ರ ಅರ್ಧ ಊರಿಗೆ ಕಿವುಡು ಅಂತ. ನಮ್ಮ ಸರ್ ಒಪ್ಪಿದ್ರು, ಆದರೆ ಈ ಶನಿವಾರದ ತನಕ ಮಾತ್ರ ಸಮಯ ಕೊಟ್ಟಿದಾರೆ. ಆಗಲಿಲ್ಲ ಅಂದ್ರೆ ಧಾರವಾಡದ ಹಾಸ್ಟೆಲ್ ಹುಡುಗೀರ ದನಿ ಹಾಕ್ಕೊಂಡು ಮುಗಿಸ್ತಾರಂತೆ. ನನ್ನ ಗುತ್ತಿಗೆ ಕೆಲಸಾನೂ ಅಲ್ಲಿಗೇ ಮುಗಿಯತ್ತೆ.”

ನಾನು ಕೂಡಲೇ ನಮ್ಮ ಓಣಿಯ ಮುದುಕಿಯೊಬ್ಬಳ ದನಿಯಲ್ಲಿ, ಹುಬ್ಬಳ್ಳಿಯ ಕಾಯಿಪಲ್ಲೆಯವಳ ದನಿಯಲ್ಲಿ, ಎಳೆಯ ಸೊಸೆಯೊಬ್ಬಳ ದನಿಯಲ್ಲಿ ‘ಗೋವಿನಜೋಳ’ ಎಂದು ಮೂರು ಸಲ ಹೇಳಿ ತೋರಿಸಿದೆ. ಎಲ್ಲರನ್ನೂ ನಾನೊಬ್ಬನೇ ಮುಗಿಸಿಕೊಡುತ್ತೇನೆ ಎಂಬುದು ನನ್ನ ಲೆಕ್ಕ. ಮೇಡಂ ನಗಲಿಲ್ಲ.

“ಚೆನ್ನಾಗಿ ಮಾಡ್ತೀರಿ. ಆದರೆ ನೀವು ಹೆಂಗಸಲ್ಲವಲ್ಲ.”

ಇಷ್ಟು ನೇರವಾಗಿ ನನಗೆ ಯಾರೂ ಹೇಳಿರಲಿಲ್ಲ. ಅವರನ್ನು ಬಸ್ಸು ಹತ್ತಿಸಿಕೊಂಡು ಹಳಿಯಾಳ ತಾಲೂಕಿನ ಸಾಂಬ್ರಾಣಿಗೆ ಹೋದೆ. ಅಲ್ಲಿಗೆ ನನ್ನ ಅಕ್ಕನನ್ನು ಕೊಟ್ಟಿದ್ದೆವು.

ಅಕ್ಕನ ಮನೆಯಲ್ಲಿ ದನಿ ಹಿಡಿಯಲು ಒಂದು ಕೋಣೆ ಬೇಕಾಯಿತು. ಕಾಳಿನ ಚೀಲ ಇಡುವ ಕೋಣೆಯನ್ನೇ ಖಾಲಿ ಮಾಡಿದೆವು. ಮಾತಾಡಿದರೆ ಗೋಡೆಯಿಂದ ಮಾರ್ದನಿ ಬರುತ್ತಿತ್ತು. ಮೇಡಂ ಸ್ಪಂಜಿನ ಹಾಳೆ ಬೇಕೆಂದರು, ಅಕ್ಕ ಗೋಡೆಗೆಲ್ಲ ಕೌದಿ ತೂಗುಹಾಕಿದಳು. ಹಳೆ ಸೀರೆಯ ತುಂಡುಗಳನ್ನು ಕೂಡಿಸಿ ಹೊಲಿದ ದಪ್ಪ ಕೌದಿಗಳು; ಮಾರ್ದನಿ ಅಲ್ಲೇ ಮಲಗಿಬಿಟ್ಟಿತು. ಕೌದಿ ಸಾಲದಾದಾಗ ಓಣಿಯವರ ಮನೆಗಳಿಂದಲೂ ಬಂದವು. ತಮ್ಮ ತಮ್ಮ ಕೌದಿಯ ಬೆನ್ನು ಹತ್ತಿ ಹೆಂಗಸರೂ ಬಂದರು. ಬಂದವರು ಅಂಗಳದಲ್ಲಿ ಕೂತರು, ಒಳಗೆ ಮಾತ್ರ ಹೋಗಲಿಲ್ಲ.

“ಎಲೆಕ್ಟ್ರಾನಿಕ್ಸ್ ಮಂತ್ರಿ ಅಂದ್ರ ಕರೆಂಟಿನವರ ಅಲ್ಲೇನ್ರಿ ಅಕ್ಕಾರ,” ಎಂದು ಒಬ್ಬಾಕೆ ಮೇಡಂ ಅವರನ್ನು ಕೇಳಿದಳು. “ನಮ್ಮ ಕರೆಂಟ್ ಕಂಬದ ಟಿಸಿ ಸುಟ್ಟು ಪಂಪ್‌ಸೆಟ್ ನಿಂತೈತಿ. ಅದನ್ನ ಮೊದಲ ದಿಲ್ಲಿಗೆ ಹೇಳ್ರಿ.”

“ಟಿಸಿ ಬ್ಯಾರೆ ಇಲಾಖೆ, ಇದು ಬ್ಯಾರೆ ಇಲಾಖೆ,” ಎಂದೆ ನಾನು, ನಮ್ಮ ತಾಲೂಕು ಕಚೇರಿಯ ಗುಮಾಸ್ತರ ಮೂಗಿನಲ್ಲಿ. ಅದಕ್ಕೆ ಎಲ್ಲರೂ ನಕ್ಕರು.

ಕೆಲಸ ಸುಲಭವೆಂದುಕೊಂಡಿದ್ದೆವು. ಒಬ್ಬೊಬ್ಬರೂ ಒಳಗೆ ಬಂದು ಫೋನು ಹಿಡಿದು ಮೊದಲು ತಮ್ಮ ಹೆಸರು, ಗಂಡನ ಹೆಸರು, ಊರಿನ ಹೆಸರು ಹೇಳಬೇಕು. ದನಿ ಕೊಡಲು ನನ್ನ ಒಪ್ಪಿಗೆ ಇದೆ ಎನ್ನಬೇಕು. ಆಮೇಲೆ ಬೆಳೆಗಳ ಹೆಸರು. ಮತದಾರರ ಚೀಟಿಯಲ್ಲಿದ್ದಂತೆಯೇ ಎಲ್ಲ ಇರಬೇಕೆಂದು ಕಾಲೇಜಿನ ಸರ್ ಮಾಡಿದ ನಿಯಮ. ಮಾತು ಒಂದೇ ದನಿಯದಾಗಿರಬೇಕು, ನಡುವೆ ಇನ್ನೊಬ್ಬರ ದನಿ ಬಂದರೆ ಆ ಸಲದ್ದು ಲೆಕ್ಕಕ್ಕಿಲ್ಲ.

ಮೊದಲು ಅಕ್ಕ ಕೂತಳು. ತನ್ನ ಹೆಸರು ಹೇಳಿದಳು. ಆಮೇಲೆ ಸುಮ್ಮನಾದಳು. ಮೇಡಂ ಸನ್ನೆ ಮಾಡಿದರು, ಅಕ್ಕ ಸೆರಗು ಸರಿಮಾಡಿಕೊಂಡಳು. ಮತ್ತೆ ಸನ್ನೆ, ಮತ್ತೆ ಸೆರಗು. ಮೂಲೆಯಲ್ಲಿದ್ದ ನಾನು ರೂಢಿಯಂತೆ ಭಾವನ ಹೆಸರು ಒದರಿದೆ. ನಮ್ಮ ಕಡೆ ಹೆಣ್ಣುಮಕ್ಕಳು ಗಂಡನ ಹೆಸರು ಬಾಯಲ್ಲಿ ತರುವುದಿಲ್ಲ. ರೇಷನ್ ಅಂಗಡಿ ಇರಲಿ, ದವಾಖಾನೆ ಇರಲಿ, ಪಕ್ಕದಲ್ಲಿ ನಿಂತವರೇ ಹೇಳಿಬಿಡುತ್ತಾರೆ, ಕೇಳಿದವರೂ ಬರೆದುಕೊಳ್ಳುತ್ತಾರೆ. ಇದು ಎಷ್ಟು ಸಹಜವೆಂದರೆ ನನಗದು ನಿಯಮ ಮುರಿದಂತೆ ಅನ್ನಿಸಲೇ ಇಲ್ಲ.

ಮೇಡಂ ಫೋನು ಆರಿಸಿದರು. “ನೀವ್ಯಾಕೆ ಹೇಳಿದ್ರಿ?”

“ಅಕಿ ಹೆಂಗ ಹೇಳ್ತಾಳ್ರಿ?”

“ಗಂಡನ ಹೆಸರು ಅವರಿಗೆ ಗೊತ್ತಿಲ್ವಾ?”

ಅಂಗಳದಲ್ಲಿದ್ದವರು ಇದನ್ನು ಕೇಳಿ ಬಿದ್ದು ಬಿದ್ದು ನಕ್ಕರು. ಆಮೇಲೆ ಕೂತ ಒಬ್ಬೊಬ್ಬರೂ ಅಲ್ಲಿಗೇ ಬಂದು ನಿಂತರು. ಒಬ್ಬಾಕೆ ‘ನಮ್ಮ ಹುಡುಗನ ಅಪ್ಪ’ ಎಂದಳು. ಇನ್ನೊಬ್ಬಾಕೆ ‘ನಮ್ಮನ್ಯಾಗಿನವರು’ ಎಂದಳು. ಮತ್ತೊಬ್ಬಾಕೆ ಮತದಾರರ ಚೀಟಿಯನ್ನೇ ಫೋನಿನ ಬಾಯಿಗೆ ಹಿಡಿದಳು, ಅದೇ ಓದಿಕೊಳ್ಳಲಿ ಎಂದು. ಮೇಡಂ ಸರ್‌ಗೆ ಫೋನು ಮಾಡಿ ತಂದೆಯ ಹೆಸರಾದರೆ ಆಗುವುದೇ ಎಂದು ಕೇಳಿದರು. ಚೀಟಿಗೆ ಹೊಂದದಿದ್ದರೆ ಬೇಡ ಎಂದರು ಅವರು. ಆ ದಿನ ಒಂದೂ ದನಿ ಸಿಗಲಿಲ್ಲ. ಮರುದಿನವೂ ಅಷ್ಟೇ. ಶುಕ್ರವಾರ ಸಂಜೆಗೆ ಮೇಡಂ ಕೌದಿಗಳ ನಡುವೆ ಒಬ್ಬರೇ ಕೂತು ವೈರುಗಳನ್ನು ಸುತ್ತುತ್ತಿದ್ದರು. ಅವರನ್ನು ನಗಿಸೋಣವೆಂದು ಫೋನಿನಲ್ಲಿ ಕೇಳಿಸಿಕೊಂಡಿದ್ದ ಅವರ ಸರ್‌ನ ದನಿಯಲ್ಲಿ ‘ಚೀಟಿಗೆ ಹೊಂದಬೇಕು, ಹೊಂದಲೇಬೇಕು’ ಎಂದೆ. ಅವರ ಕಣ್ಣಲ್ಲಿ ನೀರು ಬಂತು. ನನ್ನ ಕಲೆ ಅಷ್ಟು ಚೆನ್ನಾಗಿ ಹೊಂದಿದ್ದು ಅದೇ ಮೊದಲು. ನಾನು ಬಾಯಿ ಮುಚ್ಚಿ ಚಹಾ ತರಲು ಹೋದೆ.

ಶನಿವಾರ ಬೆಳಿಗ್ಗೆ ಹೊರಡುವ ಮೊದಲು ಕೊನೆಯ ಸಲ ನೋಡೋಣವೆಂದು ಮೇಡಂ ಫೋನು ಸಿದ್ಧ ಮಾಡಿ ಕೂತಿದ್ದರು. ನಾನು ಚಹಾದ ತಾಟು ಹಿಡಿದು ಕೋಣೆಗೆ ಹೋಗುತ್ತಿದ್ದೆ. ಅಕ್ಕನ ಅತ್ತೆ ಬಾಗಿಲಿಗೆ ಅಡ್ಡ ಕೈ ಚಾಚಿ ನಿಂತರು. ಎಂದೂ ನನ್ನ ಚೇಷ್ಟೆಗೆ ನಗದ, ಗಟ್ಟಿ ಮುಖದ ಹೆಂಗಸು.

“ಎಲ್ಲಾರನೂ ಆಡಿಕೊಂಡು ನಗ್ತೀಯಲ್ಲ. ಹೆಂಡ್ತಿ ಹೆಸರ ಹೇಳು, ಒಳಗ ಬಿಡ್ತೇನಿ.”

ಮದುವೆಯಾಗಿ ಬಂದ ಜೋಡಿಯನ್ನು ನಾದಿನಿಯರು ಹೊಸ್ತಿಲಲ್ಲಿ ತಡೆದು ಹೀಗೆ ಕೇಳುವುದು ಪದ್ಧತಿ. ಬರೀ ಹೆಸರು ಹೇಳಿದರೆ ನಡೆಯುವುದಿಲ್ಲ. ಪ್ರಾಸ ಕೂಡಿಸಿ, ಅದರೊಳಗೆ ಹೆಸರು ಇಟ್ಟು ಒಡಪು ಹೇಳಬೇಕು. ಹೇಳಿದರೆ ದಾರಿ, ಇಲ್ಲದಿದ್ದರೆ ಹೊರಗೆ.

“ಅತ್ತಿ, ನನ್ನ ಮದುವಿನ ಆಗಿಲ್ಲ.”

“ಹಂಗಂದ್ರ ಅಲ್ಲೇ ನಿಂದರು. ಚಾ ಆರ್ಲಿ.”

ತಾಟು ಕೈ ಸುಡುತ್ತಿತ್ತು. ಬಾಯಿಗೆ ಬಂದದ್ದು ಹೇಳಿದೆ:

“ಕಂಪ್ಯೂಟರಿಗೆ ಬೇಕು ಕರೆಂಟು,
ಹೆಂಡ್ತಿ ಸಿಕ್ಕಿಲ್ಲ, ಆದ್ರ ಅರ್ಜೆಂಟು.”

ಅಂಗಳದಲ್ಲಿ ಯಾರೂ ನಗಲಿಲ್ಲ. ಪೆಂಡಾಲಿನಲ್ಲಿ ಅಷ್ಟು ಜನರನ್ನು ನಗಿಸಿದವನಿಗೆ ಅದೊಂದು ಹೊಸ ಅನುಭವ.

“ಹೆಸರ ಇಲ್ಲ, ಕಿಸರ ಇಲ್ಲ. ಇದೇನ ಒಡಪು? ಅಂಗಡಿ ಬೋರ್ಡು,” ಎಂದು ಅತ್ತೆ ನನ್ನನ್ನು ಪಕ್ಕಕ್ಕೆ ಸರಿಸಿ ತಾವೇ ಹೊಸ್ತಿಲ ಹೊರಗೆ ನಿಂತರು. “ಕೇಳು, ಒಡಪು ಅಂದ್ರ ಹೆಂಗಿರತೈತಿ ಅಂತ.” ದನಿ ಎತ್ತಿ ಹೇಳಿದರು:

“ಕೆರಿ ಕೆಳಗ ಬಿತ್ತಿದ ಭತ್ತ ಮೊಣಕಾಲ ಮಟ ಬೆಳದೈತಿ,
ಇವರ ಹೆಸರ ಹೇಳಂತ ಹೊಸಲಿ ನನ್ನ ಕೇಳೈತಿ.”

‘ಇವರ’ ಎಂದು ನಾನು ಬರೆದ ಕಡೆ ಅವರು ಗಂಡನ ಹೆಸರನ್ನು ಪೂರಾ ಹೇಳಿದ್ದರು. ಅದನ್ನು ನಾನಿಲ್ಲಿ ಬರೆಯುವುದಿಲ್ಲ; ಅವರು ಹೇಳಿದ್ದು ಹೊಸ್ತಿಲು ಕೇಳಿದ್ದಕ್ಕೆ, ಕಾಗದ ಕೇಳಿದ್ದಕ್ಕಲ್ಲ. ಅಂಗಳದಲ್ಲಿ ಒಮ್ಮೆಲೇ ಸಿಳ್ಳೆಯಂಥ ನಗು ಎದ್ದಿತು. ಮಾವ ದನದ ಕೊಟ್ಟಿಗೆಯಿಂದ ಇಣುಕಿ, ಯಾರೋ ಕರೆದರೆಂದುಕೊಂಡು, ಏನು ಎಂದು ಕೇಳಿದರು.

ಮೇಡಂ ಚಹಾ ಮರೆತು ಎದ್ದರು. “ಇದನ್ನ ಎಲ್ಲರೂ ಹೇಳ್ತಾರಾ?”

“ಕೇಳಬೇಕಲ್ಲ ತಂಗಿ,” ಎಂದರು ಅತ್ತೆ. “ನೀ ಕುರ್ಚಿ ಮ್ಯಾಲ ಕುಂದ್ರಿಸಿ ಪೊಲೀಸರಂಗ ಕೇಳಿದ್ರ ಯಾರ ಹೇಳ್ತಾರ? ಬಾಗಲದಾಗ ನಿಂದರು. ಕೈ ಅಡ್ಡ ಹಿಡಿ. ಹೆಸರ ಹೇಳಿ ಒಳಗ ಬಾ ಅನ್ನು.”

ಹೀಗೆ ದಿಲ್ಲಿಯ ಮಂತ್ರಾಲಯದ ಕೆಲಸ ಕೋಣೆಯಿಂದ ಹೊಸ್ತಿಲಿಗೆ ಬಂತು. ಎರಡು ಕೌದಿಗಳನ್ನು ಬಾಗಿಲ ಆಚೀಚೆ ಕಟ್ಟಿದೆವು. ಮೇಡಂ ಒಂದು ಕೈ ಚೌಕಟ್ಟಿಗೆ ಚಾಚಿ, ಇನ್ನೊಂದರಲ್ಲಿ ಫೋನು ಹಿಡಿದು, ಮೈಸೂರಿನ ಮೆತ್ತಗಿನ ಕನ್ನಡದಲ್ಲಿ “ಹೆಸರು ಹೇಳಿ ಒಳಗೆ ಬನ್ನಿ” ಎಂದು ಕೇಳಿ, ಆಮೇಲೆ ಗುಂಡಿ ಒತ್ತುತ್ತಿದ್ದರು. ಅವರ ಕೇಳುವ ರಾಗ ಸರಿಯಿಲ್ಲವೆಂದು ಹೆಂಗಸರು ತಿದ್ದಿದರು. ಮೂರನೆಯವಳು ಬರುವಷ್ಟರಲ್ಲಿ ಮೇಡಂ ತಾವೇ ಒಬ್ಬ ಜೋರಿನ ನಾದಿನಿಯಾಗಿದ್ದರು.

ಅಕ್ಕ ತನ್ನ ಸರದಿಯಲ್ಲಿ ನನ್ನ ಕಡೆ ನೋಡುತ್ತ ಹೇಳಿದಳು:

“ಅವ್ವ ಕೊಟ್ಟ ಕೌದಿಗಿ ಆರು ಬಣ್ಣದ ತುಂಡು,
ಇವರು ಸಿಟ್ಟಾಗ್ತಾರ ಚಾ ತಣ್ಣಗಾದದ್ದ ಕಂಡು.”

ಹೆಸರಿನ ಹಿಂದೆಯೇ ಊರು, ಒಪ್ಪಿಗೆ, ಗೋವಿನಜೋಳ, ಭತ್ತ, ಕಬ್ಬು, ಹತ್ತಿ ಎಲ್ಲವೂ ಸಲೀಸಾಗಿ ಬಂದವು. ಒಡಪು ಹೇಳಿದ ಬಾಯಿಗೆ ಬೆಳೆಯ ಹೆಸರು ಯಾವ ಲೆಕ್ಕ. ಮಧ್ಯಾಹ್ನದ ಹೊತ್ತಿಗೆ ಸುದ್ದಿ ಹಬ್ಬಿ ಬೇರೆ ಓಣಿಯವರೂ ಬಂದರು. ಒಬ್ಬಾಕೆ ಒಂದು ಒಡಪು ಹೇಳಿ ಸಾಲದೆ, ಇನ್ನೂ ಚಲೋದು ನೆನಪಾಗಿ, ಮತ್ತೊಮ್ಮೆ ಸರದಿಗೆ ನಿಂತಳು. ನನಗೆ ಕೊಟ್ಟ ಕೆಲಸವೆಂದರೆ ಕೋಳಿ ಅಟ್ಟುವುದು. ಬಾಯಿ ತೆರೆಯಬಾರದೆಂಬ ಷರತ್ತಿನ ಮೇಲೆ.

ಸಂಜೆ ಮೇಡಂ ದನಿಗಳನ್ನು ಕಳಿಸಿ ಸರ್‌ಗೆ ಫೋನು ಮಾಡಿದರು. ಆ ಕಡೆಯಿಂದ ‘ಇದೇನು ಪದ್ಯ’ ಎಂಬ ಮಾತು ನಮಗೂ ಕೇಳಿಸಿತು.

“ಹೆಸರಿದೆ ಸರ್, ಊರಿದೆ, ಒಪ್ಪಿಗೆ ಇದೆ. ದನಿ ಒಂದೇ ಇದೆ. ಚೀಟಿಗೆ ಹೊಂದತ್ತೆ. ಪದ್ಯ ಇರಬಾರದು ಅಂತ ನಿಮ್ಮ ನಿಯಮದಲ್ಲಿ ಎಲ್ಲಿದೆ?”

ಆ ಕಡೆಯಿಂದ ಸರ್ ಆಗಲಿ ಎಂದರು. ಮೇಡಂ ಬಸ್ಸು ಹತ್ತುವಾಗ ಅಕ್ಕ ಒಂದು ಕೌದಿ ಮಡಚಿ ಅವರ ಚೀಲದ ಮೇಲೆ ಇಟ್ಟಳು. ಬೇಡ ಎಂದರು, ಆದರೆ ಬಿಗಿಯಾಗಿ ಹಿಡಿದುಕೊಂಡೇ ಎಂದರು.

ಬಹಳ ತಿಂಗಳ ಮೇಲೆ ಅವರ ಫೋನು ಬಂತು. ಕೆಲಸ ಮುಂದುವರಿದಿತ್ತು, ಈಗ ರಾಯಚೂರು ಕಡೆ ಇದ್ದಾರಂತೆ, ಹೋದ ಊರಲ್ಲೆಲ್ಲ ಮೊದಲು ಹೊಸ್ತಿಲು ಹುಡುಕುತ್ತಾರಂತೆ. ಯಂತ್ರವನ್ನು ಪರೀಕ್ಷೆಗೆ ಹಚ್ಚಿದ್ದೇವೆ, ಮಾತಾಡಿ ನೋಡಿ ಎಂದು ಒಂದು ನಂಬರು ಕೊಟ್ಟರು. ನಾನು ಸಾಂಬ್ರಾಣಿಗೆ ಹೋಗಿ ಅದೇ ಅಂಗಳದಲ್ಲಿ ಎಲ್ಲರ ಮುಂದೆ ಫೋನು ಹಚ್ಚಿದೆ.

ಮೊದಲು ಮಿಲ್ಲಿನ ಸೂಪರ್‌ವೈಸರನ ದನಿಯಲ್ಲಿ ‘ಗೋವಿನಜೋಳ’ ಎಂದೆ. ದಯವಿಟ್ಟು ಮತ್ತೊಮ್ಮೆ ಹೇಳಿ ಎಂದಿತು ಯಂತ್ರ. ಗುಮಾಸ್ತರ ದನಿಯಲ್ಲಿ ಹೇಳಿದೆ. ಮತ್ತೊಮ್ಮೆ ಹೇಳಿ ಎಂದಿತು.

“ನಿನ್ನ ದನಿಲೆ ಹೇಳಲೇ,” ಎಂದಳು ಅಕ್ಕ.

ನನ್ನ ದನಿಯಲ್ಲಿ ಹೇಳಲು ಹೋದೆ, ಮೊದಲು ನನ್ನ ಸರ್‌ನ ಕೆಮ್ಮು ಬಂತು. ಯಂತ್ರ ಫೋನಿಟ್ಟಿತು.

“ಅದಕ್ಕ ಬುದ್ಧಿ ಐತಿ,” ಎಂದರು ಅತ್ತೆ.

ಅಕ್ಕ ಫೋನು ಕಸಿದುಕೊಂಡು ಮತ್ತೆ ಹಚ್ಚಿದಳು. ಸೆರಗು ಸರಿಮಾಡಿಕೊಂಡು, ಬಾಗಿಲಿಗೆ ಹೋಗಿ ಹೊಸ್ತಿಲ ಹೊರಗೆ ನಿಂತು, ಗೋವಿನಜೋಳ ಎಂದಳು. ಯಂತ್ರ ಹಳಿಯಾಳದ ಮಾರುಕಟ್ಟೆಯ ದರವನ್ನು ಮರ್ಯಾದೆಯಿಂದ ಹೇಳಿತು. ಅಕ್ಕ ಮತ್ತೆ ಹಚ್ಚಿ ಭತ್ತ ಕೇಳಿದಳು, ಹತ್ತಿ ಕೇಳಿದಳು. ಆಮೇಲೆ ಫೋನು ಕೈಯಿಂದ ಕೈಗೆ ಹೋಯಿತು. ಎಲ್ಲರ ಬೆಳೆಗಳೂ ಮುಗಿದ ಮೇಲೆ ಅತ್ತೆ, ಆ ಊರಲ್ಲಿ ಯಾರೂ ಬೆಳೆಯದ ಏಲಕ್ಕಿಯ ದರವನ್ನೂ ಕೇಳಿದರು. ಯಂತ್ರ ಅದನ್ನೂ ಹೇಳಿತು. ದರ ಭಾಳ ಆತು ಎಂದು ಅವರು ಅದಕ್ಕೆ ಬೈದು, ಫೋನನ್ನು ನನ್ನ ಕೈಗಿಟ್ಟರು.