ಗುಡ್ಡವ್ವನ ಎಮ್ಮೆ ಪಾಠ

ಕಲ್ಲೋಳಿಯಲ್ಲಿ ಗುಡ್ಡವ್ವ ಯಾರ ಮನೆಯ ಕಟ್ಟೆ ಹತ್ತಿದರೂ ಆ ಮನೆಯ ಗಂಡಸರಿಗೆ ತಟ್ಟನೆ ಹೊರಗೆ ಏನೋ ಕೆಲಸ ನೆನಪಾಗುತ್ತದೆ. ಹದಿನಾರು ವರ್ಷದಿಂದ ಆಕೆ ಆಶಾ ಕಾರ್ಯಕರ್ತೆ. ಗುಲಾಬಿ ಸೀರೆ, ಹೆಗಲಿಗೊಂದು ಚೀಲ, ಅದರಲ್ಲಿ ಕೂಸು ತೂಗುವ ತಕ್ಕಡಿ, ತಕ್ಕಡಿಯ ಕೆಳಗೆ ಹಾಳೆಯಲ್ಲಿ ಸುತ್ತಿದ ನಿರೋಧ. ಅದನ್ನು ಹೆಸರು ಹಿಡಿದು ಕರೆದವಳಲ್ಲ. "ಅಣ್ಣಾರ ಸಾಮಾನು" ಎನ್ನುತ್ತಾಳೆ.

ನಾನು ಅಂಗನವಾಡಿ ಟೀಚರ್. ಅವಳ ಜೊತೆ ಮನೆ ಮನೆ ತಿರುಗುವುದು ನನ್ನ ನೌಕರಿ, ಅವಳ ಆಟ ನೋಡುವುದು ನನ್ನ ಚಟ. ಅತ್ತೆಯರ ಮುಂದೆ ಮಕ್ಕಳಾಗದ ಹಾಗೆ ನೋಡಿಕೊಳ್ಳುವ ಮಾತು ತೆಗೆದರೆ ಚಹಾ ಬರುವ ಮೊದಲೇ ಚಪ್ಪಲಿ ಮೆಟ್ಟಬೇಕಾಗುತ್ತದೆ. ಅದಕ್ಕೇ ಗುಡ್ಡವ್ವ ಎಮ್ಮೆಯಿಂದ ಶುರು ಮಾಡುತ್ತಾಳೆ. ಎಮ್ಮೆಯ ವಿಷಯಕ್ಕೆ ನಮ್ಮೂರಲ್ಲಿ ಯಾರೂ ನಾಚುವುದಿಲ್ಲ.

ಈ ವಿದ್ಯೆ ಅವಳಿಗೆ ಪುಕ್ಕಟೆ ಬಂದದ್ದಲ್ಲ. ಚೊಚ್ಚಲ ಮಗ ಶುಭಮ್ ಎರಡು ತಿಂಗಳ ಕೂಸಾಗಿದ್ದಾಗ, ಮಕ್ಕಳಾಗದಿರಲೆಂದು ಹುಕ್ಕೇರಿಯ ನಾದಿನಿ ಕೊಟ್ಟ ಗುಳಿಗೆಯನ್ನು ದಿನಾ ಒಂದರಂತೆ ನುಂಗಿದಳು. ತಿಂಗಳಲ್ಲಿ ಎದೆಹಾಲು ಅರ್ಧಕ್ಕಿಳಿಯಿತು. ಹಾಲಿಲ್ಲದ ಹೆಂಗಸೆಂದು ಓಣಿಯೆಲ್ಲ ಆಡಿಕೊಂಡಿತು, ಗಂಡ ಕೇದಾರಿ ಡಬ್ಬಿ ಹಾಲಿಗಾಗಿ ಗೋಕಾಕಕ್ಕೆ ಅಲೆದ. ಗುಳಿಗೆಯಲ್ಲಿ ಬೇರೆ ಬೇರೆ ತರ ಇರುತ್ತದೆ, ಹಾಲೂಡಿಸುವ ತಾಯಿಗೆ ಎಲ್ಲವೂ ಆಗಿಬರುವುದಿಲ್ಲ ಎಂದು ಅವಳಿಗೆ ತಿಳಿದದ್ದು ಆರು ವರ್ಷ ಕಳೆದ ಮೇಲೆ, ಆಶಾ ತರಬೇತಿಯಲ್ಲಿ. ಅವತ್ತು ಕೂತಲ್ಲೇ ಬೈದಳಂತೆ. ಯಾರನ್ನು ಎಂದು ಅವಳಿಗೂ ಗೊತ್ತಿರಲಿಲ್ಲ.

ಹೋದ ಮಂಗಳವಾರ ನಾವು ಕೆಂಚವ್ವನ ಮನೆಗೆ ಹೋದೆವು. ಡೈರಿಗೆ ಹಾಲು ಹಾಕುವ ಮನೆ, ಕೊಟ್ಟಿಗೆಯಲ್ಲಿ ನಾಲ್ಕು ಎಮ್ಮೆ. ಅಲ್ಲಿ ನನಗೆ ಚಹಾ ಬರುವುದು ಸ್ಟೀಲ್ ಲೋಟದಲ್ಲಿ, ಗುಡ್ಡವ್ವನಿಗೆ ಕಾಗದದ ಕಪ್ಪಿನಲ್ಲಿ. ಅದೂ ಬಸವಣ್ಣನ ಫೋಟೋದ ಕೆಳಗೇ. ತನ್ನ ಕಪ್ಪು ತೊಳೆಯುವ ತ್ರಾಸಿಲ್ಲ ಎಂದು ಗುಡ್ಡವ್ವ ನನಗೆ ಕಣ್ಣು ಹೊಡೆಯುತ್ತಾಳೆ. ನಾನು ನನ್ನ ಲೋಟವನ್ನು ಅರ್ಧಕ್ಕೇ ಕೆಳಗಿಡುತ್ತೇನೆ.

ಸೊಸೆ ದಾನೇಶ್ವರಿ ಬಾಣಂತನ ಮುಗಿಸಿ ತವರಾದ ನಾಗನೂರದಿಂದ ಬಂದು ಮೂರು ವಾರವಾಗಿತ್ತು. ಹೆಣ್ಣು ಕೂಸು, ಮೂರೂವರೆ ತಿಂಗಳು. ತೂಗಿ ನೋಡಿದರೆ, ನಾಗನೂರದಲ್ಲಿ ಕಾರ್ಡಿಗೆ ಬರೆದಿದ್ದ ತೂಕಕ್ಕೂ ಇದಕ್ಕೂ ಹೆಚ್ಚಿನ ಫರಕಿರಲಿಲ್ಲ. ದೃಷ್ಟಿಯಾಗಿದೆ ಎಂದು ಕೆಂಚವ್ವ ಆಗಲೇ ತೀರ್ಪು ಕೊಟ್ಟಾಗಿತ್ತು. ಡೈರಿಯ ಮುಂದೆ ಕೂಸು ದುಂಡಗಿದೆ ಎಂದಿದ್ದ ಓಣಿಯ ಕರೆವ್ವನೇ ಆರೋಪಿ. ಉಪ್ಪು ಮೆಣಸಿನಕಾಯಿ ಇಳಿ ತೆಗೆದದ್ದಾಗಿತ್ತು. ಅಳವಿ ಬೀಜದ ಪಾಯಸ, ಸಬ್ಬಸಿಗೆ ಪಲ್ಯ ತಿಂದು ತಿಂದು ದಾನೇಶ್ವರಿಯ ಮುಖವೇ ಹಸಿರಾಗಿತ್ತು. ಹಾಲು ಮಾತ್ರ ಹೆಚ್ಚಿರಲಿಲ್ಲ.

"ಮನ್ಯಾಗ ನಾಕು ಎಮ್ಮಿ ಇಟ್ಕೊಂಡು ಕೂಸಿನ್ನ ಅಳಸೂದೇನ? ಸೋಮವಾರ ಚಲೋ ದಿನ ಐತಿ, ಬಾಟ್ಲಿ ಹಿಡಸ್ತೇನಿ," ಎಂದು ಹೇಳಿ ಕೆಂಚವ್ವ ಹಿಂಡಲು ಹೋದಳು.

ಅತ್ತೆ ಅತ್ತ ಹೋಗುತ್ತಲೇ ದಾನೇಶ್ವರಿ ತೊಟ್ಟಿಲ ಅರಿವೆಗಳ ಕೆಳಗಿನಿಂದ ಗುಳಿಗೆಯ ಹಾಳೆಯೊಂದನ್ನು ತೆಗೆದಳು. ತಂದವನು ಗಂಡ ಗುರುರಾಜ. ಗೋಕಾಕದ ಕೋರ್ಟಿನ ಬಾಜೂ ಝೆರಾಕ್ಸ್ ಅಂಗಡಿಯಲ್ಲಿ ಕೆಲಸ, ಊರವರ ಖಾಸಗಿ ಕಾಗದವನ್ನೆಲ್ಲ ನಾಚಿಕೆಯಿಲ್ಲದೆ ಓದುತ್ತಾನೆ. ಔಷಧಿ ಅಂಗಡಿಯಲ್ಲಿ ಮಾತ್ರ ಹೆಂಡತಿಗೆ ಗುಳಿಗೆ ಬೇಕೆಂದು ನೆಲ ನೋಡಿಕೊಂಡು ಕೇಳಿದ್ದಾನೆ. ಕೂಸು ಹಾಲು ಕುಡಿಯುತ್ತದೆ ಎನ್ನಲು ಬಾಯಿ ಬಂದಿಲ್ಲ. ಕೊಟ್ಟದ್ದನ್ನು ಕಿಸೆಗೆ ಹಾಕಿಕೊಂಡು ಓಡಿ ಬಂದಿದ್ದಾನೆ.

ಗುಡ್ಡವ್ವ ಹಾಳೆಯನ್ನು ಬೆಳಕಿಗೆ ಹಿಡಿದು ಓದಿದಳು. ಅಂದು ತಾನು ನುಂಗಿದ ಜಾತಿಯದೇ. ಕೂಸಿಗೆ ಆರು ತಿಂಗಳು ತುಂಬುವ ತನಕ ಇದು ಬೇಡ, ಹಾಲು ಇಳಿಸುವುದುಂಟು ಎಂದಳು. ಇವತ್ತೇ ಬಿಟ್ಟು, ಕೂಸು ಕೇಳಿದಾಗಲೆಲ್ಲ ಎದೆಗೆ ಹಚ್ಚಿಕೊಂಡರೆ ಹಾಲು ಮತ್ತೆ ಹೆಚ್ಚುತ್ತದೆ ಎಂದೂ ಧೈರ್ಯ ಕೊಟ್ಟಳು.

"ಬಿಟ್ಟಮ್ಯಾಗ ಮತ್ತ ಹೊಟ್ಯಾಗ ನಿಂತ್ರ ಏನ್ ಮಾಡ್ಲಿ ಅಕ್ಕಾ?" ಎಂದಳು ದಾನೇಶ್ವರಿ.

ಅವಳ ಕಣ್ಣು ತುಂಬಿತ್ತು. ಹೆರಿಗೆಯಲ್ಲಿ ಜೀವ ಹೋಗಿ ಬಂದಿತ್ತು. ಅತ್ತೆ ಈಗಲೇ ಮೊಮ್ಮಗನ ಮಾತು ತೆಗೆಯುತ್ತಿದ್ದಳು. ಗುಳಿಗೆಯ ಸಂಗತಿ ಹೊರಬಿದ್ದರೆ ಎಲ್ಲ ಉಪಾಯಕ್ಕೂ ಕಲ್ಲು ಬೀಳುವುದು ಖರೆ.

ಹಾಲಿಗೆ ತೊಂದರೆ ಕೊಡದ ದಾರಿಗಳಿವೆ ಎಂದು ಗುಡ್ಡವ್ವ ವಿವರಿಸಿದಳು: ಗರ್ಭದೊಳಗೆ ಇಡುವ ತಾಮ್ರದ ವಂಕಿ, ವಾರದ ಛಾಯಾ ಗುಳಿಗೆ, ಮೂರು ತಿಂಗಳಿಗೊಮ್ಮೆ ಅಂತರಾ ಚುಚ್ಚುಮದ್ದು. ಚುಚ್ಚುಮದ್ದಿನಿಂದ ಮುಟ್ಟು ಏರುಪೇರಾದೀತು, ಹೆದರಬಾರದು ಎಂದು ಮೊದಲೇ ಹೇಳಿದಳು. ದಾನೇಶ್ವರಿ ಚುಚ್ಚುಮದ್ದೇ ಆಗಲಿ ಎಂದಳು, ಅದನ್ನು ಬಚ್ಚಿಡುವ ಕೆಲಸವಿಲ್ಲವಲ್ಲ. ಗುರುವಾರ ಕೂಸಿಗೆ ಲಸಿಕೆಯಿತ್ತು, ತಾಯಿಯದೂ ಅವತ್ತೇ ಎಂದಾಯಿತು. ನಡುವಿನ ಎರಡು ದಿನಕ್ಕೆ ಅಣ್ಣಾರ ಸಾಮಾನು ಅರಿವೆಯ ಕೆಳಗೆ ಸೇರಿತು.

ಗುರುವಾರ ಕೆಂಚವ್ವ ಡೈರಿಗೆ ಹೋಗುತ್ತಾಳೆಂದು ನಾವು ಲೆಕ್ಕ ಹಾಕಿದ್ದೆವು. ಅವಳು ಹೊಸ ಇಳಕಲ್ ಸೀರೆ ಉಟ್ಟು, ಕೂಸನ್ನು ಎತ್ತಿಕೊಂಡು ಎಲ್ಲರಿಗಿಂತ ಮುಂದೆ ದವಾಖಾನೆಗೆ ಬಂದಳು. ಕೂಸಿನ ಲಸಿಕೆ ಮುಗಿಯಿತು. ಡಾಕ್ಟರಮ್ಮ ದಾನೇಶ್ವರಿಯನ್ನು ಒಳಗೆ ಕರೆದು ಪರೀಕ್ಷೆ ಮಾಡಿ, ಕೊಡಬಹುದು ಎಂದರು. ನರ್ಸ್ ಸೂಜಿ ತೆಗೆದಳು.

"ಕೂಸಿಂದಾತು. ಇಕಿಗ್ಯಾಕ ಸೂಜಿ?" ಎಂದಳು ಕೆಂಚವ್ವ.

ಶಕ್ತಿಯ ಸೂಜಿ ಎಂಬ ಸುಳ್ಳು ನನ್ನ ನಾಲಗೆಯ ತುದಿಯಲ್ಲೇ ಇತ್ತು. ಗುಡ್ಡವ್ವ ನನ್ನ ಕಾಲು ತುಳಿದಳು.

"ಅಕ್ಕಾರ, ಎಮ್ಮಿ ಮತ್ತ ಗಬ್ಬಾದ್ರ ಹಾಲು ಏನಾಗತೈತ್ರಿ?"

"ಕಮ್ಮಿ ಆಗತೈತಿ. ಬರಬರತ ಬತ್ತತೈತಿ."

"ಈದ ತಿಂಗಳಿಗೇ ಕೋಣಕ್ಕ ಬಿಡ್ತೀರೇನ್ರಿ?"

ಡಾಕ್ಟರಮ್ಮ ರಿಜಿಸ್ಟರಿನಲ್ಲಿ ಮುಖ ಹುದುಗಿಸಿದರು. ಕೆಂಚವ್ವ ಗಂಭೀರವಾಗಿಯೇ ಉತ್ತರಿಸಿದಳು: ಹಾಗೆ ಬಿಟ್ಟರೆ ತಾಯಿಯೂ ಕೆಡುತ್ತದೆ, ಕರುವೂ ಕೆಡುತ್ತದೆ, ಅಷ್ಟು ತಿಳಿಯದವಳು ಎಮ್ಮೆ ಕಟ್ಟಬಾರದು. ಹೇಳಿ ಮುಗಿಸುವಷ್ಟರಲ್ಲಿ ಅವಳ ದನಿ ಸಣ್ಣದಾಯಿತು.

ಆಗ ಗುಡ್ಡವ್ವ ಎಮ್ಮೆಯನ್ನು ಬಿಟ್ಟಳು. ಇದು ಮುಂದಿನ ಕೂಸು ತಡೆದು ಬರಲಿ ಎಂದು ಕೊಡುವ ಸೂಜಿ, ಇದರಿಂದ ಹಾಲು ಬತ್ತುವುದಿಲ್ಲ, ಹಾಲು ಇಳಿಸಿದ್ದು ಗುರುರಾಜ ತಿಳಿಯದೆ ತಂದ ಗುಳಿಗೆ, ಅದೇ ತಪ್ಪು ನಾನೂ ಶುಭಮ್‌ನ ಕಾಲಕ್ಕೆ ಮಾಡಿದ್ದೆ ಎಂದು ಒಂದನ್ನೂ ಮುಚ್ಚಿಡದೆ ಹೇಳಿದಳು. ದಾನೇಶ್ವರಿ ಗೋಡೆಗೆ ಒತ್ತಿ ನಿಂತಿದ್ದಳು.

ಕೆಂಚವ್ವ ಬಹಳ ಹೊತ್ತು ಕೂಸಿನ ಕುಲಾಯಿಯ ದಾರ ಕಟ್ಟಿದಳು, ಬಿಚ್ಚಿದಳು.

"ಗುರುರಾಜ ಹೊಟ್ಯಾಗ ನಿಂತಾಗ ಅವನ ಅಕ್ಕ ಐದು ತಿಂಗಳ ಕೂಸು. ನನ್ನ ಎದಿ ಬತ್ತಿ ಹೋತು. ನಾನೂ ಎಮ್ಮಿ ಹಾಲ ಹಾಕಿದೆ. ಭೇದಿ ಹತ್ತಿ ಹೋತದು," ಎಂದಳು.

ಗಂಡನಿಗೊಬ್ಬ ಅಕ್ಕ ಇದ್ದಳೆಂಬುದು ದಾನೇಶ್ವರಿಗೆ ಗೊತ್ತಾದದ್ದೇ ಅವತ್ತು. ಕೆಂಚವ್ವ ನರ್ಸಿನ ಕಡೆ ತಿರುಗಿ ಸೂಜಿ ಹಾಕಲು ಹೇಳಿದಳು. ಇನ್ನು ಮೇಲೆ ಗುರುರಾಜನ ಕೈಯಲ್ಲಿ ಔಷಧ ತರಿಸುವುದು ಬೇಡ, ಅವನಿಗೆ ಸಂತೆಯಲ್ಲಿ ಕೊತ್ತಂಬರಿ ಯಾವುದು, ಮೆಂತ್ಯ ಯಾವುದು ಎಂಬುದೇ ತಿಳಿಯುವುದಿಲ್ಲ ಎಂದೂ ಸೇರಿಸಿದಳು. ದಾನೇಶ್ವರಿ ಅಳುತ್ತಲೇ ನಕ್ಕಳು.

ಹೊರಗೆ ಬಂದು ಕೂಸನ್ನು ಸೊಸೆಯ ಕೈಗೆ ಕೊಟ್ಟು, ಅಲ್ಲೇ ಬೇವಿನ ನೆರಳಲ್ಲಿ ಕೂತು ಕುಡಿಸಲು ಹೇಳಿದಳು. ಆಮೇಲೆ ಗುಡ್ಡವ್ವನನ್ನು ಕೇಳಿದಳು:

"ಇಪ್ಪತ್ತೊಂಬತ್ತು ವರ್ಷದ ಹಿಂದ ಎಲ್ಲಿದ್ದಿ ನೀ?"

"ಸಾಲ್ಯಾಗ ಇದ್ದೆರಿ ಅಕ್ಕಾರ. ಏಳನೇತ್ತಾ."

"ಗೊತ್ತಿದ್ರ ಸಾಲಿ ಬಿಡಿಸ್ಯಾರ ಕರಸ್ತಿದ್ದೆ ನಿನ್ನ."