ಮೇನ್ ಹಾಕುವ ಮುಂಚೆ

ಕಲ್ಲೇಶಣ್ಣ ವೈರ್‌ಮನ್ ಪರೀಕ್ಷೆಯಲ್ಲಿ ಫೇಲಾದ ಸುದ್ದಿ ಅವರಿಗಿಂತ ಮೊದಲೇ ಹರಿಹರಪುರಕ್ಕೆ ಬಂದಿತ್ತು. ಆಡಿಕೊಳ್ಳುವವರ ಮುಂದೆ ಎಡವಿ ಬಿದ್ದ ಹಾಗಾಯಿತು. ನನಗಂತೂ ಸಿಟ್ಟು ಬಂತು. ಹಾಗೆ ನಕ್ಕವರಲ್ಲಿ ಅರ್ಧ ಜನರ ಮನೆಗೆ ವೈರಿಂಗ್ ಮಾಡಿದವರು ಅವರೇ.

ಇಪ್ಪತ್ತೆಂಟು ವರ್ಷ ಬಾಳೆಹೊನ್ನೂರಿನಿಂದ ಕೊಪ್ಪದವರೆಗೆ ಓಡಾಡಿ ಕೆಲಸ ಮಾಡಿದ್ದು ಬೇರೊಬ್ಬ ಗುತ್ತಿಗೆದಾರರ ಲೈಸೆನ್ಸಿನಡಿ. ಆ ಪುಣ್ಯಾತ್ಮರು ತೀರಿಕೊಂಡ ಮೇಲೆ, ಸ್ವಂತ ಪರ್ಮಿಟ್ ಇಲ್ಲದವರಿಗೆ ಹೊಸ ಮನೆ ಕೆಲಸ ಯಾರು ಕೊಡುತ್ತಾರೆ? ಐವತ್ತಮೂರನೆಯ ವಯಸ್ಸಿನಲ್ಲಿ ಪರೀಕ್ಷೆಗೆ ಕೂತರು. ಬರೆಯುವುದನ್ನು ಹೇಗೋ ದಾಟಿದರು, ಮುಗ್ಗರಿಸಿದ್ದು ಮೌಖಿಕದಲ್ಲಿ. ಹೊಸ ವೈರಿಂಗಿಗೆ ಕರೆಂಟ್ ಕೊಡುವ ಮುಂಚೆ ಏನು ಮಾಡುತ್ತೀರಿ ಎಂದು ಕೇಳಿದರಂತೆ. ಇವರು “ಕೂಗ್ತೀವಿ ಸರ್” ಎಂದರಂತೆ. ಎದುರಿಗಿದ್ದವರು ನಕ್ಕರು. ಆಮೇಲೆ ಯಾವ ಪ್ರಶ್ನೆಗೂ ಇವರಿಗೆ ಬಾಯಿ ಬರಲಿಲ್ಲ.

ಎರಡನೆಯ ಸಲದ ಪರೀಕ್ಷೆಗೆ ಹತ್ತು ದಿನವಿದ್ದಾಗ ನಮ್ಮ ಮನೆಯ ಸುಟ್ಟುಹೋದ ಬೋರ್ಡು ಬದಲಿಸಲು ಬಂದರು. ಹೆಂಡತಿ ದಾಕ್ಷಾಯಿಣಿ ತೀರಿಕೊಂಡು ಆಗ ಎರಡು ವರ್ಷ. ಮದುವೆಯಾದಾಗಿನಿಂದ ಕೆಲಸಕ್ಕೆಲ್ಲ ಆಕೆಯೂ ಜೊತೆಗೆ ಬರುತ್ತಿದ್ದರು. ಈಗ ಬಸ್ಸಿನಲ್ಲಿ ಪಕ್ಕದ ಸೀಟಿನ ಮೇಲೆ ವೈರಿನ ಸುರುಳಿ ಇಟ್ಟುಕೊಂಡು ಒಬ್ಬರೇ ಬರುತ್ತಾರೆ.

ಬಂದವರೇ ಚೀಲದಿಂದ ಪುಸ್ತಕ ತೆಗೆದರು. “ಟೀಚರೇ, ಮನೇಲಿ ಪ್ರಶ್ನೆ ಕೇಳೋರಿಲ್ಲ. ಗೋಡೆಗೆ ಉತ್ತರ ಹೇಳಿ ಹೇಳಿ ಸಾಕಾಯ್ತು. ಒಂಚೂರು ಕೇಳ್ತೀರಾ?”

“ಊಟ ಆಗ್ಲಿ, ಕೇಳ್ತೀನಿ” ಎಂದೆ.

ಬೋರ್ಡು ಕೂರಿಸಿ ಜಗಲಿಯ ಮೇನ್ ಸ್ವಿಚ್ಚಿನ ಹತ್ತಿರ ಹೋದವರು, “ಕೊಡ್ಲಾ?” ಎಂದು ಕೂಗಿದರು. ನಾನು ಒಗ್ಗರಣೆ ಗಡಿಬಿಡಿಯಲ್ಲಿ ಅಡುಗೆಮನೆಯಿಂದಲೇ “ಕೊಡಿ ಮಾರಾಯ್ರೇ” ಎಂದೆ. ಕರೆಂಟ್ ಬರಲಿಲ್ಲ. ಅವರೇ ಒಳಗೆ ಬಂದರು.

“ಬೋರ್ಡಿನ ಹತ್ರ ಯಾರೂ ಇಲ್ಲ ಅಂತ ನೋಡಿ ಹೇಳಿದ್ರಾ?”

ನಾನು ಒಗ್ಗರಣೆ ಇಳಿಸಿ ಒಲೆ ಆರಿಸಿದೆ.

“ತಪ್ಪು ನಂದೇ ಬಿಡಿ, ಅವಳಿಲ್ಲ ಅನ್ನೋದ್ನ ಮರ್ತು ಕೂಗ್ಬಿಟ್ಟೆ. ಅವಳಾದ್ರೆ ಒಂದೊಂದು ಬೋರ್ಡೂ ನೋಡ್ಕೊಂಡು ಬಂದು ‘ಕೊಡಿ’ ಅಂತಿದ್ಲು. ಅವಳು ಹೇಳ್ದೆ ನಾನು ಯಾವತ್ತೂ ಮೇನ್ ಹಾಕ್ದೋನಲ್ಲ.”

ಮನೆಯೆಲ್ಲ ಒಂದು ಸುತ್ತು ನೋಡಿ ಬಂದು, ಮತ್ತೆ ಜಗಲಿಗೆ ಹೋಗಿ ಮೇನ್ ಹಾಕಿದರು. ಫ್ಯಾನು ತಿರುಗಿತು.

ಊಟವಾದ ಮೇಲೆ ಮೊದಲು, ಹೋದ ಸಲ ಮುಗ್ಗರಿಸಿದ ಆ ಪ್ರಶ್ನೆಯನ್ನೇ ಕೇಳಿದೆ. ಕಣ್ಣು ಮುಚ್ಚಿಕೊಂಡು ಹೇಳುತ್ತ ಹೋದರು: ಮೆಗ್ಗರ್ ಮೀಟರಿನಲ್ಲಿ ಇನ್ಸುಲೇಶನ್ ಪರೀಕ್ಷೆ, ಅರ್ತಿಂಗ್ ಪರೀಕ್ಷೆ, ಪೋಲಾರಿಟಿ, ಕೊನೆಗೆ ಸಪ್ಲೈ. ಪುಸ್ತಕ ಹಿಡಿದು ನೋಡಿದೆ, ಒಂದಕ್ಷರ ತಪ್ಪಿರಲಿಲ್ಲ.

“ಈ ಸಲ ಪಾಸಾಗ್ತೀರಿ ಕಲ್ಲೇಶಣ್ಣ.”

“ಆಗ್ತೀನಿ ಟೀಚರೇ” ಎನ್ನುತ್ತ ಪುಸ್ತಕವನ್ನು ಚೀಲಕ್ಕೆ ಹಾಕಿಕೊಂಡರು. “ಪುಸ್ತಕದ ಪ್ರಕಾರ ಒಬ್ನೇ ಇದ್ರೆ ಸಾಕು.”