ಸಹಿ ಹಾಕದವಳು

ಗಂಡ ಎಂತಹ ಕೆಲಸ ಮಾಡುತ್ತಿದ್ದ ಎಂಬುದು ರತ್ನಾವತಿಗೆ ಮದುವೆಯಾಗಿ ಎಷ್ಟೋ ವರ್ಷಗಳ ಮೇಲೆ, ಮಂಗಳೂರಿನ ಫಳ್ನೀರಿನ ಒಂದು ಆಸ್ಪತ್ರೆಯಲ್ಲಿ ಗೊತ್ತಾಯಿತು. ಅವಳ ಚಿಕ್ಕಮ್ಮನ ಮಗಳು ಏಳನೇ ತಿಂಗಳಿಗೇ ಹೆತ್ತಿದ್ದಳು. ಮುಷ್ಟಿಗಾತ್ರದ ಮಗುವನ್ನು ಗಾಜಿನ ಪೆಟ್ಟಿಗೆಯಲ್ಲಿ ಮಲಗಿಸಿದ್ದರು. ನೋಡಲು ಹೋದ ಗಂಡ ಹೆಂಡತಿ ಬಾಗಿಲ ಬಳಿ ನಿಂತಿದ್ದಾಗ ನರ್ಸ್ ಬಂದು, ಪೆಟ್ಟಿಗೆಯ ಪಕ್ಕದಲ್ಲಿದ್ದ ಎರಡು ದುಂಡನೆಯ ತೂತುಗಳಲ್ಲಿ ಕೈ ತೂರಿಸಿ ಮಗುವಿನ ಬಟ್ಟೆ ಬದಲಿಸಿದಳು. ಚಿತ್ತರಂಜನ ಒಮ್ಮೆಲೇ ಗೋಡೆಯ ಕಡೆಗೆ ತಿರುಗಿದ. ಕುತ್ತಿಗೆಯಲ್ಲಿ ಬೆವರು.

"ಎಂತ ಆಯ್ತು ನಿಮಗೆ?"

"ನಾನು ಹೀಗೆಯೇ ಕೆಲಸ ಮಾಡಿದ್ದು" ಎಂದ ಅವನು. "ಹೊರಗೆ ನಿಲ್ಲುದು, ಒಳಗೆ ಕೈ ಹಾಕುದು. ಅಲ್ಲಿ ತೂತಿಗೆ ರಬ್ಬರಿನ ಗ್ಲೌಸ್ ಸಿಕ್ಕಿಸಿತ್ತು. ಭುಜದವರೆಗೆ."

"ಒಳಗೆ ಎಂತ ಇತ್ತು?"

ಅವನು ಮೆಟ್ಟಿಲಿಳಿದು ಹೋದ.

ರತ್ನಾವತಿಯ ಮದುವೆಯಾದಾಗ ಚಿತ್ತರಂಜನ ಬೊಂಬಾಯಿಯಲ್ಲಿ ಸರಕಾರಿ ನೌಕರ ಎಂದಷ್ಟೇ ಬಂಟ ಸಮುದಾಯದ ಸಂಬಂಧಿಕರಲ್ಲಿ ಹೇಳುತ್ತಿದ್ದರು. ಆಮೇಲೆ ಅವನಿಗೆ ಉತ್ತರದ ಒಂದು ಅಣು ಸ್ಥಾವರಕ್ಕೆ ವರ್ಗವಾಯಿತು. ಬೇಲಿ, ಗೇಟು, ಪಾಸುಗಳ ನಡುವಿನ ಕಾಲನಿಯಲ್ಲಿ ಅವಳ ಸಂಸಾರ ನಡೆಯಿತು. ಮಗಳು ಶಶಿಪ್ರಭಾ ಹುಟ್ಟಿದ್ದು ಅಲ್ಲಿಯೇ. ಊಟಕ್ಕೆ ಕುಳಿತಾಗ ಗಂಡ ಕಾಲನಿಯ ನೀರಿನ ವಿಷಯ, ಮಲ್ಲಿಗೆ ಗಿಡದ ವಿಷಯ ಎಲ್ಲ ಮಾತಾಡುತ್ತಿದ್ದ. ಕೆಲಸದ ವಿಷಯ ಮಾತ್ರ ಇಲ್ಲ. ಮೊದಲ ದಿನವೇ ಒಂದು ಕಾಗದಕ್ಕೆ ಸಹಿ ಹಾಕಿಸಿಕೊಂಡಿದ್ದಾರಂತೆ, ಹೇಳಿದರೆ ಜೈಲಂತೆ. ಅವಳೂ ಕೇಳುವುದನ್ನು ಬಿಟ್ಟಳು.

ಎಪ್ಪತ್ತೆಂಟರ ಒಂದು ಸಂಜೆ ಡ್ಯೂಟಿ ಬಸ್ಸುಗಳು ತುಂಬ ತಡವಾಗಿ ಬಂದವು. ಬೆಳಿಗ್ಗೆ ಗೆರೆ ಅಂಗಿ ಹಾಕಿ ಹೋದ ಚಿತ್ತರಂಜನ ತನ್ನದಲ್ಲದ ಖಾಕಿ ಅಂಗಿ, ಮೊಣಕಾಲಿನಿಂದ ಸ್ವಲ್ಪವೇ ಕೆಳಗೆ ಬರುವ ಪೈಜಾಮದಲ್ಲಿ ಬಂದು ನಿಂತ. ಉಜ್ಜಿ ಉಜ್ಜಿ ಕೈಯ ಚರ್ಮ ಕೆಂಪಾಗಿತ್ತು. ಕೈಗಡಿಯಾರ ಇರಲಿಲ್ಲ. ಅವಳ ತಾಯಿ ಅಳಿಯನಿಗೆಂದು ಮಾಡಿಸಿದ್ದ ಉಂಗುರವೂ ಇರಲಿಲ್ಲ. ಅವಳು ಬಾಯಿ ತೆರೆಯುವ ಮೊದಲೇ "ಕೇಳ್ಬೇಡ" ಎಂದ. ಮರುದಿನ ನಳ್ಳಿಯ ಹತ್ತಿರ ನಿಂತ ಹೆಂಗಸರಲ್ಲಿ ಇನ್ನೂ ಕೆಲವರ ಮುಖ ಹಾಗೆಯೇ ಇತ್ತು. ಯಾರೂ ಯಾರನ್ನೂ ಕೇಳಲಿಲ್ಲ. ಕೊಡ ತುಂಬಿಸಿಕೊಂಡು ಮನೆಗೆ ಹೋದರು. ಅದಾದ ಮೇಲೆ ಅವನನ್ನು ಸ್ಟೋರಿಗೆ ಹಾಕಿದರು. ಕೆಲವು ವರ್ಷ ಕಳೆದು, ಅವಧಿಗೆ ಮೊದಲೇ ನಿವೃತ್ತಿ ತೆಗೆದುಕೊಂಡು ಅವನು ಮಂಗಳೂರಿಗೆ ಬಂದ. ವರ್ಷಕ್ಕೊಮ್ಮೆ ಬೊಂಬಾಯಿಗೆ ಹೋಗಿ ಇಲಾಖೆಯ ಡಾಕ್ಟರರಲ್ಲಿ ತಪಾಸಣೆ ಮಾಡಿಸಿಕೊಂಡು ಬರುತ್ತಿದ್ದ. ಅಲ್ಲಿ ಏನು ಹೇಳಿದರು ಎಂಬುದೂ ಮನೆಯಲ್ಲಿ ಗೊತ್ತಾಗುತ್ತಿರಲಿಲ್ಲ.

ಅವರು ಉಳಿದುಕೊಂಡದ್ದು ಬಿಜೈಯಲ್ಲಿ, ರತ್ನಾವತಿಯ ಅಣ್ಣ ಗುಣಪಾಲನ ಮನೆಯಲ್ಲಿ. ಹಂಪನಕಟ್ಟೆಯಲ್ಲಿ ಹೋಟೆಲು ನಡೆಸುವ ಗುಣಪಾಲ ಕೆಟ್ಟವನಲ್ಲ. ತಂಗಿಗೆಂದು ಮನೆಯ ಹಿಂದಿನ ಭಾಗವನ್ನು ಬಿಟ್ಟುಕೊಟ್ಟಿದ್ದ, ಸೋದರಸೊಸೆ ಶಶಿಪ್ರಭಾಳನ್ನು ಕಾಲೇಜಿಗೆ ಸೇರಿಸಿದ್ದ, ಅವಳ ಮದುವೆ ತನ್ನ ಜವಾಬ್ದಾರಿ ಎಂದು ಎಲ್ಲರೆದುರು ಹೇಳಿದ್ದ. ಹಾಗಾಗಿ ಆ ಮನೆಯಲ್ಲಿ ಅವನ ಮಾತಿನ ಮೇಲೆ ಇನ್ನೊಂದು ಮಾತು ಇರಲಿಲ್ಲ.

ಎಂಬತ್ತಾರರಲ್ಲಿ ರಷ್ಯಾದ ಸ್ಥಾವರ ಸಿಡಿದ ಸುದ್ದಿ ಬಂತು. ಆಗಲೇ ಉತ್ತರ ಕನ್ನಡದ ಕೈಗಾದಲ್ಲಿ ಅಣು ಸ್ಥಾವರ ಬರುತ್ತದೆ ಎಂಬ ವಿಷಯ ಎಲ್ಲರ ಬಾಯಲ್ಲಿತ್ತು. ಮಂಗಳೂರಿನಲ್ಲೂ ವಿರೋಧದ ಸಮಿತಿ ಹುಟ್ಟಿಕೊಂಡಿತು. ಅದನ್ನು ಓಡಾಡಿ ಕಟ್ಟಿದವರು ರೇಮಂಡ್ ಮಾಸ್ಟ್ರು. ಬಿಕರ್ನಕಟ್ಟೆಯವರು, ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾದವರು. ನೆರೆಮನೆಯವಳ ಜೊತೆ ಕುತೂಹಲಕ್ಕೆಂದು ಒಂದು ಸಭೆಗೆ ಹೋದ ರತ್ನಾವತಿ, ಮಾಸ್ಟ್ರು ಗೋಡೆಗೆ ಹಚ್ಚಿದ ಚಿತ್ರಗಳಲ್ಲಿ ಒಂದನ್ನು ನೋಡಿ ಅಲ್ಲೇ ನಿಂತಳು. ಗಾಜಿನ ಪೆಟ್ಟಿಗೆ, ಎರಡು ತೂತು, ಉದ್ದನೆಯ ಗ್ಲೌಸು.

"ಇದು ಎಂತದ್ದು ಮಾಸ್ಟ್ರೇ?"

"ಉರಿದು ಮುಗಿದ ಇಂಧನದಿಂದ ಪ್ಲುಟೋನಿಯಂ ಅಂತ ಒಂದು ತೆಗೀತಾರೆ ಅಮ್ಮ. ಅದನ್ನೇ ಮತ್ತೆ ಇಂಧನ ಮಾಡ್ತಾರೆ. ಬರಿಗೈಯಲ್ಲಿ ಮುಟ್ಲಿಕ್ಕಿಲ್ಲ, ಅದಕ್ಕೆ ಈ ಪೆಟ್ಟಿಗೆ. ಅದರ ಒಂದು ಕಣ ಉಸಿರಲ್ಲಿ ಒಳಗೆ ಹೋಗಿ ಕೂತರೆ ಸಾಕು, ಸುಲಭದಲ್ಲಿ ಹೊರಗೆ ಬರುದಿಲ್ಲ. ಕ್ಯಾನ್ಸರ್ ಆಗಬಹುದು. ಆಗದೆಯೂ ಇರಬಹುದು. ಹೇಳ್ಲಿಕ್ಕಾಗುದಿಲ್ಲ."

ಆಗಬಹುದು, ಆಗದೆಯೂ ಇರಬಹುದು. ಮನೆಗೆ ನಡೆಯುವಾಗ ಅವಳ ತಲೆಯಲ್ಲಿ ಇದೇ ಸುತ್ತುತ್ತಿತ್ತು. ಇಷ್ಟು ವರ್ಷ ಪಕ್ಕದಲ್ಲಿ ಮಲಗಿದವನ ಉಸಿರಿನ ಸದ್ದು ಆ ರಾತ್ರಿಯಿಂದ ಬೇರೆಯಾಗಿ ಕೇಳತೊಡಗಿತು.

ಮುಂದಿನ ಸಭೆಯಲ್ಲಿ ಅವಳು ಮಾಸ್ಟ್ರಲ್ಲಿ ಗಂಡನ ವಿಷಯ ಹೇಳಿದಳು. ಒಂದು ಭಾನುವಾರ ರೇಮಂಡ್ ಮಾಸ್ಟ್ರು ಮನೆಗೇ ಬಂದರು.

"ನೀವು ಒಳಗೆ ಕೆಲಸ ಮಾಡಿದವರು. ನಾವೆಲ್ಲ ಓದಿ ಹೇಳುವವರು. ವೇದಿಕೆಯಲ್ಲಿ ಎರಡು ಮಾತು ಹೇಳಿದರೆ ಸಾಕು ಮಾರಾಯ್ರೇ" ಎಂದರು.

ಚಿತ್ತರಂಜನ ಚಾವಡಿಯ ಕಂಬಕ್ಕೆ ಒರಗಿ ನಿಂತಿದ್ದ. "ನಾನು ಸಹಿ ಹಾಕಿದ್ದೇನೆ ಮಾಸ್ಟ್ರೇ. ನನ್ನ ಪೆನ್ಶನ್ ಅವರದ್ದು, ಡಾಕ್ಟ್ರು ಅವರದ್ದು. ನಾಳೆ ಎಂತದಾದ್ರೂ ಆದ್ರೆ ನಾನು ಹೋಗ್ಲಿಕ್ಕೆ ಇರುದು ಅವರ ಹತ್ರವೇ. ನೀವು ಚಾ ಕುಡಿದು ಹೋಗಿ."

ಮಾಸ್ಟ್ರು ಗೇಟು ದಾಟಿದ ಮೇಲೆ ಗುಣಪಾಲ ತಂಗಿಯನ್ನು ಒಳಗೆ ಕರೆದ. "ರತ್ನ, ಶಶಿಗೆ ಮುಲ್ಕಿಯ ಸಂಬಂಧ ಮಾತಾಡ್ತಾ ಉಂಟು. ಅಪ್ಪನ ಮೈಯಲ್ಲಿ ವಿಷ ಉಂಟಂತೆ ಅಂತ ಒಬ್ಬ ಹೇಳಿದ್ರೆ ಸಾಕು, ಮುಗೀತು. ಹುಟ್ಟುವ ಮಕ್ಕಳವರೆಗೆ ಮಾತಾಡ್ತಾರೆ ಜನ. ನೀನು ಈ ಮೀಟಿಂಗು ಬಿಡು ಮಾರಾಯ್ತಿ."

ಅವಳು ಹೂಂ ಎಂದಳು. ಎರಡು ಸಭೆ ಬಿಟ್ಟಳು ಕೂಡ. ಆದರೆ ಅಡಿಗೆಮನೆಯ ಗೋಡೆಗಳು ಹತ್ತಿರ ಹತ್ತಿರ ಬಂದ ಹಾಗಾಗುತ್ತಿತ್ತು. ಕಾಲನಿಯ ಬೇಲಿಯಾಚೆಗೆ ಬಂದೆವು ಎಂದುಕೊಂಡಿದ್ದಳು. ಬೇಲಿಯೂ ಅವರ ಜೊತೆಗೇ ರೈಲು ಹತ್ತಿ ಬಂದಿತ್ತು.

ಎಂಬತ್ತೇಳರ ಕೊನೆಗೆ ಊರಿನ ಒಂದು ಸಭಾಭವನದಲ್ಲಿ ಅಣುಶಕ್ತಿಯ ಪರವಾಗಿ ಉಪನ್ಯಾಸ ಏರ್ಪಟ್ಟಿತು. ಮಾತಾಡಲು ಬಂದಿದ್ದವರು ನಿವೃತ್ತ ಅಧಿಕಾರಿಯೊಬ್ಬರು. ಯಾರು ಬೇಕಾದರೂ ಪ್ರಶ್ನೆ ಕೇಳಬಹುದು ಎಂದು ಪತ್ರಿಕೆಯಲ್ಲಿ ಬಂದಿತ್ತು. ಬಟ್ಟೆ ಅಂಗಡಿಗೆ ಹೋಗುತ್ತೇನೆಂದು ಹೇಳಿ ರತ್ನಾವತಿ ಅಲ್ಲಿಗೆ ಹೋಗಿ ಹಿಂದಿನ ಸಾಲಿನಲ್ಲಿ ಕುಳಿತಳು. ಅಧಿಕಾರಿ ಒಳ್ಳೆಯ ಮಾತುಗಾರರು. ಒಳಗೆ ಕೆಲಸ ಮಾಡುವವರ ಕುಟುಂಬಗಳನ್ನೇ ಕೇಳಿ ನೋಡಿ, ಅವರೇ ಹೆದರುವುದಿಲ್ಲ, ನೀವು ಯಾಕೆ ಹೆದರುತ್ತೀರಿ ಎಂದು ನಕ್ಕರು. ಜನರೂ ನಕ್ಕರು.

ರತ್ನಾವತಿ ಎದ್ದು ನಿಂತದ್ದು ಅವಳಿಗೇ ಆಮೇಲೆ ಗೊತ್ತಾದದ್ದು.

"ನಾನು ಅಂತಹ ಕುಟುಂಬದವಳು" ಎಂದಳು. ಯಾರೋ ಮೈಕು ತಂದು ಕೊಟ್ಟರು. "ನನ್ನ ಗಂಡ ಬೆಳಿಗ್ಗೆ ಒಂದು ಅಂಗಿ ಹಾಕಿ ಹೋದವರು ಸಂಜೆ ಬೇರೆಯವರ ಅಂಗಿಯಲ್ಲಿ ಬಂದರು. ಉಂಗುರ ಸಹ ತೆಗೆದಿಟ್ಟುಕೊಂಡಿದ್ದರು. ಯಾಕೆ ಅಂತ ನನಗೆ ಇವತ್ತಿಗೂ ಯಾರೂ ಹೇಳಲಿಲ್ಲ. ಅವರು ಸಹಿ ಹಾಕಿದ್ದಾರೆ, ಅವರು ಹೇಳುವ ಹಾಗಿಲ್ಲ. ನಾನು ಯಾವುದಕ್ಕೂ ಸಹಿ ಹಾಕಲಿಲ್ಲ. ಆ ದಿನ ಎಂತ ಆಯ್ತು, ಅವರ ಮೈಯೊಳಗೆ ಎಂತ ಉಂಟು, ನೀವಾದ್ರೂ ಹೇಳ್ತೀರಾ?"

ಅಧಿಕಾರಿ ಕನ್ನಡಕ ತೆಗೆದು ಒರೆಸಿದರು. ವೈಯಕ್ತಿಕ ಪ್ರಕರಣಗಳ ಬಗ್ಗೆ ಇಲ್ಲಿ ಹೇಳುವುದು ಸರಿಯಲ್ಲ, ಗಂಡನ ಮೂಲಕ ಅರ್ಜಿ ಕೊಡಿ ಎಂದು ಮೆತ್ತಗೆ ಹೇಳಿ ಮುಂದಿನ ಪ್ರಶ್ನೆ ತೆಗೆದುಕೊಂಡರು. ಹೊರಗೆ ರೇಮಂಡ್ ಮಾಸ್ಟ್ರು ಅವಳೆದುರು ಕೈಮುಗಿದು ನಿಂತರು. ಸಮಿತಿಯವರು ಸುತ್ತುವರಿದರು. ಅವಳಿಗೆ ಒಂದೇ ಯೋಚನೆ: ತಾನು ಮನೆ ತಲಪುವುದು ಮೊದಲೋ, ಸುದ್ದಿಯೋ?

ಸುದ್ದಿಯೇ ಮೊದಲು ತಲಪಿತ್ತು. ಗುಣಪಾಲ ಹೋಟೆಲಿನಿಂದ ಬಂದು ಚಾವಡಿಯಲ್ಲಿ ಕುಳಿತಿದ್ದ. "ಆಯ್ತಾ ನಿನಗೆ ಸಮಾಧಾನ?" ಎಂದ. ಚಿತ್ತರಂಜನ ತನ್ನ ಚಾಪೆ, ತಲೆದಿಂಬು ತೆಗೆದುಕೊಂಡು ಎದುರಿನ ಕೋಣೆಗೆ ಹೋದ. ಆ ದಿನದಿಂದ ಹೆಂಡತಿಯ ಜೊತೆ ಮಾತು ಬಿಟ್ಟ.

ವಾರದೊಳಗೆ ಮುಲ್ಕಿಯವರು, ಜಾತಕ ಕೂಡುವುದಿಲ್ಲ ಎಂದು ಹೇಳಿ ಕಳುಹಿಸಿದರು. ಜಾತಕ ತಿಂಗಳ ಹಿಂದೆಯೇ ಕೂಡಿತ್ತು.

ಶಶಿಪ್ರಭಾ ಅಳಲಿಲ್ಲ. ಬಾವಿಕಟ್ಟೆಯಲ್ಲಿ ಬಟ್ಟೆ ಒಗೆಯುತ್ತಿದ್ದ ತಾಯಿಯ ಹತ್ತಿರ ಬಂದು ನಿಂತಳು. "ನೀನು ಹೇಳಿದ್ದು ತಪ್ಪು ಅಂತ ನಾನು ಹೇಳುದಿಲ್ಲ ಅಮ್ಮ. ಆದ್ರೆ ಪಪ್ಪನ ಮೈ ಪಪ್ಪನದ್ದು. ನನ್ನ ಮದುವೆ ನನ್ನದು. ಇಲಾಖೆಯವರು ನಮ್ಮನ್ನು ಕೇಳ್ಲಿಲ್ಲ ಅಂತ ನಿನಗೆ ಸಿಟ್ಟು. ನೀನು ನಮ್ಮನ್ನು ಕೇಳಿದ್ಯಾ?"

ರತ್ನಾವತಿಯ ಕೈಯಲ್ಲಿ ಸಾಬೂನು ಹಾಗೆಯೇ ಉಳಿಯಿತು.

ಇಲಾಖೆಯಿಂದ ಏನೂ ಬರಲಿಲ್ಲ. ನೋಟೀಸಿಲ್ಲ, ಪೊಲೀಸಿಲ್ಲ, ಪೆನ್ಶನ್ ಎಂದಿನ ಹಾಗೆ ಬಂತು. ಬಂದಿದ್ದರೆ ಒಂದು ಲೆಕ್ಕಕ್ಕೆ ನೆಮ್ಮದಿಯಾಗುತ್ತಿತ್ತೇನೋ. ಗೇಟಿನ ಸದ್ದಾದಾಗಲೆಲ್ಲ ಚಿತ್ತರಂಜನ ಬೆಚ್ಚಿಬೀಳುತ್ತಿದ್ದ. ಮುಂದಿನ ವರ್ಷ ತಪಾಸಣೆಗೆ ಬೊಂಬಾಯಿಗೆ ಹೋಗಲಿಲ್ಲ. ಅದರ ಮರುವರ್ಷವೂ ಇಲ್ಲ. ಹೋದರೆ ಅಲ್ಲಿ ಹೆಂಡತಿಯ ಮಾತನ್ನು ಮುಂದಿಟ್ಟು ಕೇಳುತ್ತಾರೆ ಎಂಬ ಹೆದರಿಕೆ. ಹೋಗಿ ಬನ್ನಿ ಎಂದು ಮಗಳ ಬಾಯಲ್ಲಿ ಹೇಳಿಸಿದಳು ರತ್ನಾವತಿ. ಅವನು ಕೇಳಿಸದವನ ಹಾಗೆ ಪೇಪರು ತಿರುವಿದ. ಏನಾಗಿದೆ ಎಂದು ತಿಳಿಯಬೇಕೆಂದು ಅವಳು ಎದ್ದು ನಿಂತಿದ್ದಳು. ತಿಳಿಯಬಹುದಾಗಿದ್ದ ಒಂದೇ ಬಾಗಿಲು ಅದರಿಂದಲೇ ಮುಚ್ಚಿತು.

ಶಶಿಪ್ರಭಾ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೆಲಸಕ್ಕೆ ಸೇರಿದಳು. ಮದುವೆಯ ಮಾತನ್ನು ಗುಣಪಾಲ ಮತ್ತೆ ಎತ್ತಲಿಲ್ಲ. ರತ್ನಾವತಿ ಸಮಿತಿಗೆ ಹೋಗುವುದನ್ನು ಬಿಡಲಿಲ್ಲ; ಇನ್ನು ಕಳೆದುಕೊಳ್ಳಲು ಏನಿತ್ತು? ಆದರೆ ಮತ್ತೊಮ್ಮೆ ಮಾತಾಡಿ ಎಂದು ಮಾಸ್ಟ್ರು ಕೇಳಿದಾಗ ತಲೆಯಲ್ಲಾಡಿಸಿ, ಕುರ್ಚಿ ಜೋಡಿಸುವುದು, ಕರಪತ್ರ ಮಡಚುವುದು ಇಷ್ಟರಲ್ಲೇ ಇದ್ದಳು. ಎಂಬತ್ತೊಂಬತ್ತರಲ್ಲಿ ಕೈಗಾದ ಕಾಮಗಾರಿ ಶುರುವಾಯಿತು. ಸಭೆಗೆ ಬರುವವರು ಕಡಿಮೆಯಾಗುತ್ತ ಬಂದರು.

ಆ ವರ್ಷದ ಮಳೆಗಾಲ ಕಳೆದರೂ ಚಿತ್ತರಂಜನನ ಕೆಮ್ಮು ಹೋಗಲಿಲ್ಲ. ಗುಣಪಾಲನೇ ಗದರಿಸಿ ಕಂಕನಾಡಿಯ ಒಬ್ಬ ಡಾಕ್ಟರರ ಹತ್ತಿರ ಕಳುಹಿಸಿದ. ಜೊತೆಗೆ ರತ್ನಾವತಿ ಹೋದಳು. ಡಾಕ್ಟರು ಹರೆಯದವರು, ತಾಳ್ಮೆಯವರು. ಬೆನ್ನಿಗೆ ಕೊಳವೆ ಇಟ್ಟು ಕೇಳಿದರು, ಮತ್ತೆ ಮತ್ತೆ ಉಸಿರೆಳೆಸಿದರು.

"ಮೊದಲು ಎಲ್ಲಿ ಕೆಲಸದಲ್ಲಿದ್ದದ್ದು ನೀವು?"

"ಬೊಂಬಾಯಿಯಲ್ಲಿ."

"ಎಂತ ಕೆಲಸ? ಧೂಳು, ಕೆಮಿಕಲ್ ಎಲ್ಲ ಉಂಟಾ?"

ಚಿತ್ತರಂಜನ ಅಂಗಿಯ ಗುಂಡಿ ಹಾಕುತ್ತ ಹೆಂಡತಿಯ ಮುಖ ನೋಡಿದ. ಎರಡು ವರ್ಷದಲ್ಲಿ ಅವನು ಅವಳನ್ನು ಹಾಗೆ ನೇರ ನೋಡಿದ್ದು ಅದೇ ಮೊದಲು. ಕಣ್ಣಿನಲ್ಲಿ ಸಿಟ್ಟಿರಲಿಲ್ಲ, ಹೇಳಬೇಡ ಎಂಬ ಮೊರೆ ಇತ್ತು. ರತ್ನಾವತಿಗೆ ಹೇಳಬೇಕಾದ ಮಾತು ನಾಲಿಗೆಯ ತುದಿಗೆ ಬಂದಿತ್ತು. ಹೇಳಿದರೆ ಈ ಡಾಕ್ಟರಿಗಾದರೂ ಏನಾದರೂ ಮಾಡಲು ಬಂದೀತು. ಆದರೆ ಮೈ ಅವನದು. ಮಾತೂ ಅವನದೇ.

ಅವಳು ಸೆರಗಿನ ತುದಿಯನ್ನು ಮುಷ್ಟಿಯಲ್ಲಿ ಹಿಡಿದು ಸುಮ್ಮನೆ ಕುಳಿತಳು.

"ಪೈಂಟಿನ ಫ್ಯಾಕ್ಟರಿ" ಎಂದ ಚಿತ್ತರಂಜನ.

ಡಾಕ್ಟರು ಕೆಮ್ಮಿನ ಔಷಧಿ ಬರೆದು, ಹದಿನೈದು ದಿನದಲ್ಲಿ ಕಡಿಮೆಯಾಗದಿದ್ದರೆ ಎಕ್ಸ್‌ರೇ ತೆಗೆಯುವ ಎಂದರು.

ಇಬ್ಬರೂ ಬಸ್ಸಿಗೆ ಕಾಯುತ್ತ ನಿಂತರು. ಬಿಸಿಲು ಜೋರಿತ್ತು. ರಸ್ತೆಯಾಚೆ ಮೀನಿನವಳು ಬುಟ್ಟಿ ಇಳಿಸಿ ಕುಳಿತಿದ್ದಳು.

"ಬಂಗುಡೆ ಉಂಟಾ ನೋಡು" ಎಂದ ಚಿತ್ತರಂಜನ. "ಉಂಟಾದ್ರೆ ತಗೊಳ್ಳುವ."

ಅವನು ತನ್ನನ್ನೇ ಉದ್ದೇಶಿಸಿ ಮಾತಾಡಿದ್ದು ಎಂದು ರತ್ನಾವತಿಗೆ ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. "ನೋಡ್ತೇನೆ" ಎಂದಳು. ರಸ್ತೆ ದಾಟುವಾಗ ಬೆನ್ನ ಹಿಂದೆ ಅವನು ಕೆಮ್ಮುವುದು ಕೇಳುತ್ತಿತ್ತು.